ಬಾಗಿಲಿಗೆ ಪೇಪರ್ ಬೀಳುವ ಸದ್ದು

ನಾನು ಬೆಂಗಳೂರಿನ ಹೊರಮಾವಿನಲ್ಲಿ ಮನೆಮನೆಗೆ ಪೇಪರ್ ಹಾಕುತ್ತಿದ್ದ ಕಾಲ. ಹೊಸ ಅಪಾರ್ಟ್‌ಮೆಂಟೊಂದರಲ್ಲಿ ರೂಲ್ಸ್ ಬಂತು: ಪೇಪರಿನವರು ಮೇಲೆ ಹೋಗುವಂತಿಲ್ಲ, ಗೇಟಲ್ಲೇ ಕೊಟ್ಟು ಹೋಗಬೇಕು.

ಮಾರನೇ ಬೆಳಗ್ಗೆ ಮೂರನೇ ಮಹಡಿಯ ಗೌಡರು ಬಂದು ನನ್ನ ಸೈಕಲ್ ಹ್ಯಾಂಡಲ್ ಹಿಡಿದುಕೊಂಡರು. ಆ ಕಟ್ಟಡ ನಿಂತಿದ್ದೇ ಅವರ ರಾಗಿ ಹೊಲದಲ್ಲಿ.

"ಯಾಕಯ್ಯಾ, ನಿನ್ನೆ ನನ್ ಬಾಗ್ಲಿಗೆ ಪೇಪರ್ ಬೀಳ್ಲಿಲ್ಲ?"

"ಮೇಲಕ್ಕೆ ಬಿಡಲ್ವಂತೆ ಗೌಡ್ರೇ."

"ನನ್ ಜಮೀನಲ್ಲಿ ಬಿಡಲ್ಲ ಅನ್ನೋಕೆ ಅವನ್ಯಾವನು? ನಡಿ ಮೇಲೆ."

ರಾಯಚೂರು ಕಡೆಯ ವಾಚ್‌ಮನ್ ದೊಣ್ಣೆ ಅಡ್ಡ ಹಿಡಿದ. ಗೌಡರು ದೊಣ್ಣೆಗೇ ಕೈ ಹಾಕಿದರು. ನಡುವೆ ನಾನು, ಪೇಪರ್ ಕಟ್ಟು ಅವುಚಿಕೊಂಡು. ಯಾರಿಗೆ ಏಟು ಬಿದ್ದರೂ ಕೆಲಸ ಹೋಗುವುದು ನನ್ನದೇ.

"ಈ ರೂಲ್ಸ್ ಮಾಡಿದ ಮೀಟಿಂಗಿನ್ಯಾಗ ನೀವೂ ಕೈ ಎತ್ತಿದ್ರಲ್ರೀ ಗೌಡ್ರ," ಎಂದ ವಾಚ್‌ಮನ್.

ಗೌಡರ ಹಿಡಿತ ಸಡಿಲವಾಯಿತು. "ಇಂಗ್ಲಿಷಲ್ಲಿ ಮಾತಾಡ್ತಿದ್ರು. ಎಲ್ರೂ ಎತ್ತಿದ್ರು ಅಂತ ನಾನೂ ಎತ್ತಿದೆ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಪೇಪರ್ ಬಿದ್ದ ಸದ್ದಾದ್ರೇನೇ ಕಣಯ್ಯಾ, ನಮ್ಮನೆಯವ್ಳು ಎದ್ದು ಕಾಫಿಗಿಡೋದು," ಎಂದರು.

ಅವತ್ತಿನಿಂದ ಗೌಡರು ಹೆಂಡತಿ ಏಳುವ ಮೊದಲೇ ಕೆಳಗಿಳಿದು, ಪೇಪರ್ ತಗೊಂಡು ಹೋಗಿ, ತಮ್ಮ ಬಾಗಿಲಿಗೆ ತಾವೇ ಎಸೆಯತೊಡಗಿದರು. ಕಾಫಿ ಸಿಗ್ತಿದೆಯಾ ಅಂತ ಒಂದು ದಿನ ಕೇಳಿದೆ.

"ಸಿಗುತ್ತೆ. ಆದ್ರೆ ಹೊಸ ಪೇಪರಿನವ್ನಿಗೆ ಎಸೆಯೋಕೇ ಬರಲ್ಲ, ಹಳಬನ್ನೇ ಕರೀರಿ ಅಂತಾವ್ಳೆ."