ಆಕೆಯನ್ನು ನಾನು ಕೇಳಲಿಲ್ಲ

ಮೂರು ವಾರದಿಂದ ಈ ಅಂಕಣದಲ್ಲಿ ಬಿಸಿಲು, ಬಸ್ಸು, ಮಿರ್ಚಿ ಭಜಿ ಎಂದು ಏನೇನೋ ಬರೆದು ನಿಮ್ಮನ್ನು ಸಾಗಹಾಕಿದ್ದೇನೆ. ಹೇಳಬೇಕಾದದ್ದು ಬೇರೆ ಇತ್ತು. ಧೈರ್ಯ ಬರಲಿಲ್ಲ.

ಮೊಮ್ಮಗಳು ರೂಪಾ ರಾಯಚೂರಿನಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ಅವಳಿಗೊಂದು ಆನ್‌ಲೈನ್ ಕೋರ್ಸ್. ಇಲ್ಲಿಯ ಯೂನಿವರ್ಸಿಟಿ, ಪೋಲೆಂಡಿನದೊಂದು ಯೂನಿವರ್ಸಿಟಿ ಕೂಡಿ ನಡೆಸುತ್ತವೆ. (ಹೈಸ್ಕೂಲಿಗೇ ಓದು ಮುಗಿಸಿದ ನನಗೆ ಇದು ತಲೆಗೆ ಹೋಗಲು ಎರಡು ದಿನ ಬೇಕಾಯಿತು.) ಇಲ್ಲಿಯವಳೊಬ್ಬಳು, ಅಲ್ಲಿಯವಳೊಬ್ಬಳು ಸೇರಿ ಹಳೆಯ ವರದಿಗಾರನೊಬ್ಬನ ಸಂದರ್ಶನ ಮಾಡಬೇಕು. ಸುಲಭಕ್ಕೆ ಸಿಕ್ಕವನು ನಾನು.

ದೇವದುರ್ಗದಲ್ಲಿ ನಾನು ವರದಿಗಾರನಾಗಿದ್ದಾಗ ಇ-ಮೇಲ್ ಎಲ್ಲಿತ್ತು? ಸುದ್ದಿಯನ್ನು ಕವರಿನಲ್ಲಿಟ್ಟು ಸಂಜೆಯ ರಾಯಚೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಕ್ಯಾಮೆರಾ ಮುಂದೆ ಇದನ್ನೆಲ್ಲ ಹುರುಪಿನಿಂದ ಹೇಳಿದೆ. ಗಬ್ಬೂರಿನ ಅಂಗನವಾಡಿ ಕಾರ್ಯಕರ್ತೆ ಮಕ್ಕಳ ಆಹಾರ ಮಾರಿಕೊಂಡ ಸುದ್ದಿಯನ್ನೂ ಹೇಳಿದೆ. ಹೆಸರು ಹಾಕಿಯೇ ಬರೆದಿದ್ದೆ ಎಂದು ಹೆಮ್ಮೆಪಟ್ಟೆ.

ಪೋಲೆಂಡಿನ ಹುಡುಗಿ ಏನೋ ಕೇಳಿದಳು.

"ತಾತ, ಬರಿಯೂಕಿಂತ ಮೊದಲ ಆಕಿನ್ನ ಮಾತಾಡ್ಸಿದ್ರೇನು ಅಂತ ಕೇಳಾಕತ್ತಾಳ" ಅಂದಳು ರೂಪಾ.

"ಮತ್ತ? ಮಾತಾಡ್ಸದ ಬರೀತಾರೇನು?" ಅಂದೆ.

ಸುಳ್ಳು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು, ನಾನು ಬರೆದೆ. ಕವರು ಹೊತ್ತ ಬಸ್ಸು ಗಬ್ಬೂರಿನ ಮೇಲೆಯೇ ಹೋಗುತ್ತಿತ್ತು. ನಾನೂ ಹತ್ತಿ, ಅಲ್ಲಿ ಇಳಿದು, ಒಂದು ಮಾತು ಕೇಳಬಹುದಿತ್ತು. ಸುದ್ದಿ ಒಂದು ದಿನ ತಡವಾಗುತ್ತಿತ್ತು, ಅಷ್ಟೇ.

ಆಮೇಲೆ ಇಲಾಖೆಯ ವಿಚಾರಣೆಯಲ್ಲಿ ಆಕೆಯ ತಪ್ಪಿಲ್ಲವೆಂದು ಗೊತ್ತಾಯಿತು. ಅದನ್ನು ನಾನು ಬರೆಯಲೇ ಇಲ್ಲ. ಅಷ್ಟರಲ್ಲಿ ತಾಯಂದಿರು ಆಕೆಯ ಬಳಿ ಮಕ್ಕಳನ್ನು ಬಿಡುವುದನ್ನು ನಿಲ್ಲಿಸಿದ್ದರು. ಆಕೆ ಕೆಲಸ ಬಿಟ್ಟಳು.

ನನ್ನ ವಿಡಿಯೊವನ್ನು ಎರಡೂ ದೇಶದ ಕ್ಲಾಸಿನಲ್ಲಿ ತೋರಿಸಿದರಂತೆ. ವರದಿಗಾರ ಹೇಗಿರಬೇಕು ಎಂಬುದಕ್ಕೆ ಮಾದರಿ! ಇದನ್ನು ಕೇಳಿದ ದಿನವೇ ರೂಪಾಳನ್ನು ಕೂಡಿಸಿಕೊಂಡು ಎಲ್ಲ ಹೇಳಿದೆ.

ಅವಳು ಲ್ಯಾಪ್‌ಟಾಪ್ ತೆರೆದಳು. "ವಿಡಿಯೊ ವಾಪಸ್ ತಗೊಂತೀನಿ. ಮಾರ್ಕ್ಸ್ ಹೋದ್ರ ಹೋಗ್ಲಿ. ನೀವು ಗಬ್ಬೂರಿಗೆ ಹೋಗಿ ಬರ್ರಿ."

ಹೋದೆ. ಆಕೆ ತೀರಿ ಐದು ವರ್ಷವಾಗಿತ್ತು. ಆಕೆಯ ಮಗಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಒಳಗೆ ಕರೆಯಲಿಲ್ಲ.

"ನಂದು ತಪ್ಪಾಗೇದ ಅಂತ ಪೇಪರಿನ್ಯಾಗ ಬರೀತೀನಿ ಯವ್ವಾ. ನಿಮ್ಮವ್ವನ ಹೆಸರು ಹಾಕೂದಿಲ್ಲ."

"ಯಾಕ್ರೀ? ಕಳ್ಳಿ ಅಂತ ಬರಿಯೂವಾಗ ಹೆಸರು ಬೇಕಾಗಿತ್ತು. ಈಗ ಮುಚ್ಚಿಡ್ತೀರೇನು?"



ತಪ್ಪೇ ಮಾಡದ, ನಾನು ಒಮ್ಮೆಯೂ ಕ್ಷಮೆ ಕೇಳದ ಆ ಹೆಣ್ಣುಮಗಳು ಗಬ್ಬೂರಿನ ಶರಣಮ್ಮ.