ಕೊಸರಿಗೆ ಬಂದ ಗುಲಾಬಿ ಲೈಟು

ಪೆರು ದೇಶದ ಲಿಮಾದ ವಿಲ್ಸನ್ ರೋಡಲ್ಲಿ ಕಂಪ್ಯೂಟರ್ ಪಾರ್ಟ್ಸ್ ಮಾರೋ ಕಟ್ಟಡ ಇದ್ಯಲ್ಲ, ಅದ್ರ ಎರಡನೇ ಮಹಡೀಲಿ, ಟಾಯ್ಲೆಟ್ ಪಕ್ಕ, ಎರಡು ಕೈ ಚಾಚಿದ್ರೆ ಮುಗಿದೇ ಹೋಗೋ ಅಂಗಡಿ ಸೆನಾಯ್ದಕ್ಕಂದು. ಇಪ್ಪತ್ತು ವರ್ಷದಿಂದ ಅಲ್ಲೇ. ಅವಳ ಅರ್ಧ ಗಿರಾಕಿಗಳು ಟಾಯ್ಲೆಟ್‌ಗೆ ಅಂತ ಬಂದು, ದಾಕ್ಷಿಣ್ಯಕ್ಕೆ ಒಂದು ಮೌಸ್ ತಗೊಂಡು ಹೋದೋರು!

ಆದ್ರೆ ಗೇಮಿಂಗ್ ಕಂಪ್ಯೂಟರ್‌ಗೆ ಪಾರ್ಟ್ಸ್ ಆರ್ಸೋದ್ರಲ್ಲಿ ಅವಳನ್ನ ಮೀರ್ಸೋರಿಲ್ಲ. ಹತ್ತೇ ನಿಮಿಷ. ಯಾವ ಗೇಮ್ ಅಂತ ಆಮೇಲೆ, ಮೊದಲು "ಮನೆ ಸಮುದ್ರಕ್ಕೆ ಎಷ್ಟು ಹತ್ರ?" ಅಂತಾಳೆ. ತೇವದ ಗಾಳಿಗೆ ತುಕ್ಕು ಹಿಡಿಯತ್ತಲ್ಲ! ಬಣ್ಣದ ಲೈಟು ಅಂತ ಯಾರಾದ್ರೂ ಬಾಯಿ ಬಿಟ್ರೋ, ಮುಗೀತು: "ಗೇಮ್ ಆಡ್ತೀಯೋ, ಕ್ರಿಸ್‌ಮಸ್ ಗಿಡ ನಿಲ್ಲಿಸ್ತೀಯೋ?"

ಈ ಸಲ ಕಟ್ಟಡದ ವಾರ್ಷಿಕೋತ್ಸವಕ್ಕೆ ಅಂಗಡಿಯೋರಿಗೆಲ್ಲ ಪಂದ್ಯ. ಮೂರು ಸಾವಿರ ಸೋಲ್, ಅಂದ್ರೆ ಅಲ್ಲಿನ ದುಡ್ಡು, ಅದ್ರೊಳಗೆ ಮೆಷೀನ್ ಕಟ್ಬೇಕು, ಒಂದು ಗಂಟೆ ಫುಟ್‌ಬಾಲ್ ಗೇಮ್ ಓಡಿಸ್ಬೇಕು. ಕೊನೇವರೆಗೂ ನಿಲ್ಲದೆ ಓಡಿದ್ದಕ್ಕೆ ಡಿಸೆಂಬರ್ ಪೂರ್ತಿ ಮೆಟ್ಟಿಲ ಬಾಯಲ್ಲೇ ಅಂಗಡಿ! ಕ್ರಿಸ್‌ಮಸ್ ವ್ಯಾಪಾರ! ಸೆನಾಯ್ದಕ್ಕಂಗೆ ಆ ಜಾಗ ಬೇಕೇ ಬೇಕು.

ಊರಿಗೆಲ್ಲ ಹತ್ತು ನಿಮಿಷದಲ್ಲಿ ಆರ್ಸಿ ಕೊಡೋಳು ತನಗೇ ಅಂತ ಬಂದಾಗ ಮೂರು ವಾರ ತಗೊಂಡ್ಳು. ಒಳ್ಳೆ ಪ್ರೊಸೆಸರ್ ಹಾಕಿದ್ರೆ ಗ್ರಾಫಿಕ್ಸ್ ಕಾರ್ಡ್‌ಗೆ ದುಡ್ಡಿಲ್ಲ, ಕಾರ್ಡ್ ದೊಡ್ಡದಾದ್ರೆ ಪವರ್ ಸಪ್ಲೈ ಬಡಕಲು. ಕೊನೆಗೆ ಎರಡನ್ನೂ ಒಂದೊಂದು ಮೆಟ್ಟಿಲು ಇಳಿಸಿ, ಗಟ್ಟಿ ಪವರ್ ಸಪ್ಲೈ ತಗೊಂಡು, ಎಲ್ಲಾನೂ ಕಪ್ಪು ತಗಡಿನ ಡಬ್ಬಕ್ಕೆ ತುರುಕಿದ್ಳು.

ಕಾರ್ಡ್ ಮಾತ್ರ ಎದುರಂಗಡಿ ಪೆರ್ಸಿ ಹತ್ರಾನೇ ತಗೋಬೇಕಾಯ್ತು. ದುಡ್ಡು ಕೊಟ್ಟು ಕೈ ಚಾಚಿದ್ಳು: "ಎಲ್ಲಪ್ಪಾ ಕೊಸರು?" ಇಲ್ಲಿ ಆಲೂಗಡ್ಡೆ ತಗೊಂಡ್ರೂ ಕೊಸರು ಕೇಳೋದೇ.

ಪೆರ್ಸಿ ಒಂದು ಗುಲಾಬಿ ಲೈಟಿನ ಪಟ್ಟಿ ಕೊಟ್ಟ. "ತಗೋ ಅಕ್ಕ. ನಿನ್ನ ಡಬ್ಬ ಶವಪೆಟ್ಟಿಗೆ ಥರ ಇದೆ, ಹೂವಿಲ್ದೆ ಹೇಗೆ ಕಳಿಸೋದು?"

"ನಿಂದು ಗಾಜಿನ ಪೆಟ್ಟಿಗೆ ಅಲ್ವಾ, ಮೀನು ಯಾವಾಗ ಬಿಡ್ತೀಯ?"

ಪಂದ್ಯದ ದಿನ ಪೆರ್ಸಿ ಮೆಷೀನು ಜಗಮಗ! ಜನ ಎಲ್ಲಾ ಅದ್ರ ಸುತ್ತ. ಸೆನಾಯ್ದಕ್ಕ ಆ ಕಡೆ ನೋಡಿದ್ಳು, ಈ ಕಡೆ ನೋಡಿದ್ಳು, ಮೆಲ್ಲಗೆ ಜೇಬಿಂದ ಗುಲಾಬಿ ಪಟ್ಟಿ ತೆಗೆದು ಡಬ್ಬದೊಳಗೆ ಅಂಟಿಸಿಯೇಬಿಟ್ಳು. ಹೌದು, ಅವಳೇ!

ನಲವತ್ತನೇ ನಿಮಿಷಕ್ಕೆ ಪೆರ್ಸಿ ಗಾಜಿನ ಪೆಟ್ಟಿಗೆ ಪಟ್ ಅಂತ ಕತ್ಲಾಯ್ತು. ದುಡ್ಡೆಲ್ಲಾ ಲೈಟಿಗೆ ಸುರಿದು, ಪವರ್ ಸಪ್ಲೈಗೆ ಕೈ ಬಿಗಿ ಹಿಡಿದಿದ್ದ. ಉಳಿದೋರ್ದು ಆಗ್ಲೇ ನಿಂತಿತ್ತು. ಸೆನಾಯ್ದಕ್ಕ ನಗೋಕೆ ಬಾಯಿ ತೆಗೆದ್ಳು, ಅಷ್ಟರಲ್ಲಿ ಅವಳ ಡಬ್ಬದಿಂದಾನೂ ಕರ್ರ್‌ರ್‌ರ್! ಲೈಟಿನ ವೈರು ಜೋತುಬಿದ್ದು ಫ್ಯಾನಿಗೆ ಸಿಕ್ಕೊಂಡಿದೆ, ಬಿಸಿ ಏರ್ತಿದೆ, ಪರದೆ ಮೇಲೆ ಆಟಗಾರರು ಕುಂಟ್ತಿದ್ದಾರೆ.

"ಅಕ್ಕಾ, ಒಳಗೆ ಏನದು ಗುಲಾಬಿ ಗುಲಾಬಿ?" ಅಂತ ಪೆರ್ಸಿ ಕೂಗಿದ.

"ತೆಪ್ಪಗಿರೋ!"

ಕೆಂಪಗಾಗಿ ಮುಚ್ಚಳ ಬಿಚ್ಚಿ, ವೈರ್ ಕಿತ್ತು ಎಳೆದ್ಳು. ಫ್ಯಾನ್ ಮತ್ತೆ ಗಿರ್ರ್ ಅಂತು. ಡಬ್ಬ ಗಂಟೆ ಮುಗ್ಸಿತು.

ಡಿಸೆಂಬರ್‌ನಲ್ಲಿ ಮೆಟ್ಟಿಲ ಬಾಯಲ್ಲಿನ ಅವಳ ಅಂಗಡಿಗೆ ಒಬ್ಬ ಗಿರಾಕಿ ಬಂದು ಹೆದರ್ಕೊಂಡೇ ಲೈಟು ಕೇಳಿದ. ಸೆನಾಯ್ದಕ್ಕ ಬೈಲಿಲ್ಲ! "ಹಾಕ್ಸ್ಕೊಳ್ಳಪ್ಪ. ವೈರ್ ಮಾತ್ರ ಬಿಗಿಯಾಗಿ ಕಟ್ಟು" ಅಂದ್ಳು.

ಒಳಗಿನ ತನ್ನಂಗಡಿಯಿಂದ ಪೆರ್ಸಿ ಕೂಗಿದ: "ಅಕ್ಕಾ, ಹಾಗಾದ್ರೆ ನನ್ ಲೈಟು ವಾಪಸ್ ಕೊಡು!"

"ಕೊಸರು ವಾಪಸ್ ಕೊಟ್ಟೋರುಂಟೇನೋ?"

ಆ ಗುಲಾಬಿ ಪಟ್ಟಿ ಅವಳ ಅಂಗಡಿ ಬೋರ್ಡ್ ಸುತ್ತ ಮಿಣಮಿಣ ಅಂತಿತ್ತು.