ಹಂಸ ಓದದೆ ಟೈಪು ಮಾಡಿದ ಪುಟ

ಹೊಳೆನರಸೀಪುರದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಹಂಸಳಿಗೆ ಒಂದು ಮಾತು ಹೇಳಿಕೊಟ್ಟಿದ್ದರಂತೆ: "ಅರ್ಥ ಹುಡುಕೋಕೆ ಹೋದ್ರೆ ಬೆರಳು ನಿಲ್ಲುತ್ತೆ ಕಣಮ್ಮ. ಕಣ್ಣು ಹಾಳೆ ಮೇಲಿರಲಿ, ಮನಸ್ಸು ಎಲ್ಲಾದ್ರೂ ಇರಲಿ." ಆ ಮಾತನ್ನು ಅವಳು ಎಷ್ಟೋ ವರ್ಷ ಬಿಡಲಿಲ್ಲ. ತೊಂಬತ್ತಾರನೇ ಇಸವಿ ಇರಬೇಕು, ಹಾಸನದ ನಮ್ಮ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದು ಟೈಪಿಂಗ್ ಅಂಗಡಿ ಇಟ್ಟಳು. ಮಲಗೋದು, ಅಡುಗೆ, ಎಲ್ಲಾ ಹಿಂದಿನ ಸಣ್ಣ ಕೋಣೆಯಲ್ಲಿ. ಮೊದಲು ಟಕಟಕ ಅನ್ನೋ ಮಿಷನ್ನು, ಕೆಲವು ವರ್ಷ ಆದಮೇಲೆ ಕಂಪ್ಯೂಟರು. ನಾನು ನಡುಬಾಗಿಲ ಹತ್ತಿರ ಕೂತು ಅವರೆಕಾಯಿ ಸುಲೀತಾ, ಅಕ್ಕಿ ಆರಿಸ್ತಾ, ಬಂದವರ ಮಾತೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಓದಿದ್ದು ಮೂರನೇ ಕ್ಲಾಸಾದರೂ ನನ್ನ ಕಿವಿ ಚುರುಕು.

ಕೋರ್ಟಿನ ಅರ್ಜಿ, ಮದುವೆ ಕಾಗದ, ಕಾಲೇಜಿನವರ ಥೀಸಿಸ್ಸು, ಎಲ್ಲವೂ ಅವಳ ಕೈಯಲ್ಲಿ ಹಾದುಹೋಗುತ್ತಿದ್ದವು. ಒಂದು ದಿನ ಕೇಳಿದೆ, "ಬೆಳಿಗ್ಗೆಯಿಂದ ಏನು ಹೊಡೀತಾ ಇದ್ದೀಯವ್ವ ಹಂಸಮ್ಮ?"

"ಮೀನಿನ ವಿಷಯ ಅನ್ಸುತ್ತೆ ದೊಡ್ಡಮ್ಮ."

"ಅನ್ಸುತ್ತೆ ಅಂದ್ರೆ?"

"ಇಲ್ಲ, ರೇಷ್ಮೆ ಹುಳದ್ದೇನೋ. ನಂಗೇನ್ ಗೊತ್ತು, ಬರೆದೋರು ಬಂದಾಗ ಕೇಳಿ."

ಅವಳ ತಂದೆ ಹೊಳೆನರಸೀಪುರದಲ್ಲಿ ಅರ್ಚಕರಾಗಿದ್ದರು. ಹಂಸ ಪಿಯುಸಿ ಓದುವಾಗಲೇ ತೀರಿಕೊಂಡರು. ಇಬ್ಬರು ತಮ್ಮಂದಿರು, ತಾಯಿ ಕಾವೇರಮ್ಮ, ಆ ಮನೆಗೆ ಇವಳ ಬೆರಳೇ ಆಧಾರ. ನಮ್ಮಲ್ಲಿಗೆ ಬಂದ ಹೊಸತರಲ್ಲಿ ಚನ್ನರಾಯಪಟ್ಟಣದ ಹೈಸ್ಕೂಲು ಮೇಷ್ಟ್ರೊಬ್ಬರು ಹೆಣ್ಣು ನೋಡಿ ಒಪ್ಪಿಕೊಂಡು ಹೋಗಿದ್ದರು. ಇವಳೂ ಒಪ್ಪಿದ್ದಳು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆಮೇಲೆ ಒಂದು ಸೋಮವಾರ ಊರಿಂದ ಬಂದವಳು ಮಿಷನ್ನಿನ ಮೇಲಿನ ಬಟ್ಟೆ ತೆಗೀತಾ, "ಜಾತಕ ಕೂಡಲಿಲ್ಲವಂತೆ ದೊಡ್ಡಮ್ಮ" ಅಂದಳು. ಅಷ್ಟೇ. ಮಳೆ ಬರಲಿಲ್ಲ ಅಂದ ಹಾಗೆ. ಬೇರೆ ಗಂಡು ಹುಡುಕೋ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ತಮ್ಮಂದಿರು ಓದಿದರು, ಕೆಲಸಕ್ಕೆ ಸೇರಿದರು, ಮದುವೆಯಾದರು. ಇವಳು ಪ್ರತಿ ಶನಿವಾರ ಹಣ್ಣು, ಔಷಧಿ ಹಿಡಿದುಕೊಂಡು ತಾಯಿಯನ್ನು ನೋಡೋಕೆ ಹೋಗುತ್ತಿದ್ದಳು.

ಆಶಾರಾಣಿ ನಮ್ಮ ಅಂಗಡಿಗೆ ಬಂದಿದ್ದು ಎಷ್ಟೋ ವರ್ಷ ಆದಮೇಲೆ. ಸಾಲಗಾಮೆ ಕಡೆಯ ಒಕ್ಕಲಿಗರ ಹುಡುಗಿ, ಅರಕಲಗೂಡಿನಲ್ಲಿ ಲೆಕ್ಚರರ್. ಮದುವೆಯಾಗದೆ ದುಡಿಯೋ ಹೆಂಗಸರ ಬಗ್ಗೆ ಥೀಸಿಸ್ ಬರೀತಿದ್ದಳು. ಹಂಸಳನ್ನೂ ಕೂರಿಸಿಕೊಂಡು ಪ್ರಶ್ನೆ ಕೇಳಿದಳು. ಹೆಸರು ಹಾಕೋಲ್ಲ ಅಂದಳು. ಇವಳು ನಗ್ತಾ ಉತ್ತರ ಕೊಟ್ಟಳು. ಕೊಟ್ಟದ್ದೂ ಗೊತ್ತಿರೋ ಕಥೆಯೇ, ಜಾತಕ ಕೂಡಲಿಲ್ಲ ಅನ್ನೋದೇ. ಆಮೇಲೆ ಆಶಾರಾಣಿ ಅಧ್ಯಾಯ ಅಧ್ಯಾಯವಾಗಿ ಬರೆದು ತಂದುಕೊಟ್ಟಳು, ಹಂಸ ಎಂದಿನ ಹಾಗೆ ಹೊಡೆದುಕೊಟ್ಟಳು.

ಎರಡು ಸಾವಿರದ ಒಂಬತ್ತನೇ ಇಸವಿ, ಬೇಸಿಗೆ. ಮಾರನೇ ದಿನ ಯೂನಿವರ್ಸಿಟಿಗೆ ಕೊಡೋ ಕಡೇ ದಿನ. ಗಡುವು ಒಂದು ಸಲ ಮುಂದಕ್ಕೆ ಹಾಕಿಸಿಕೊಂಡಾಗಿತ್ತು, ಇನ್ನು ತಪ್ಪಿದರೆ ಆಶಾರಾಣಿ ವರ್ಷಗಟ್ಟಲೆ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ. ಥೀಸಿಸ್ಸನ್ನು ಪಿಡಿಎಫ್ ಮಾಡಿ ಸಿ.ಡಿ.ಗೆ ಹಾಕಬೇಕು, ಅದರಿಂದಲೇ ಪ್ರಿಂಟು ತೆಗೆಸಿ ಬೈಂಡ್ ಮಾಡಿಸಬೇಕು. ಅದಕ್ಕೆ ಬುಕ್‌ಮಾರ್ಕೂ ಇರಬೇಕಂತೆ. ಪರದೆಯ ಎಡಗಡೆ ತಲೆಬರಹಗಳ ಪಟ್ಟಿ ಬರಬೇಕು, ಯಾವುದನ್ನು ಒತ್ತಿದರೆ ಆ ಪುಟ ತೆರೆದುಕೊಳ್ಳಬೇಕು.

ಹಂಸ ಪಿಡಿಎಫ್ ಮಾಡಿದಳು. ಪುಟದಲ್ಲೇನೋ ಕನ್ನಡ ಮುತ್ತು ಪೋಣಿಸಿದ ಹಾಗಿತ್ತು. ಎಡಗಡೆ ಪಟ್ಟಿಯಲ್ಲಿ ಮಾತ್ರ ಮುರುಕಲು ಇಂಗ್ಲಿಷು, ಮೇಲೆ ಕೊಂಬು, ಚುಕ್ಕೆ. ಆಶಾರಾಣಿಯ ಮುಖ ಬೆಳ್ಳಗಾಯಿತು.

"ಅಕ್ಕ, ಪೂರ್ತಿ ಕೆಟ್ಟೋಯ್ತಾ?"

"ಒಳಗೆ ಸರಿಯಾಗೇ ಇದೆ, ಗಾಬರಿ ಆಗ್ಬೇಡ. ನಮ್ಮ ಕನ್ನಡ ಫಾಂಟು ಈ ಪಟ್ಟಿಗೆ ಗೊತ್ತಿಲ್ಲ ಅಷ್ಟೆ. ಒಂದೊಂದನ್ನೂ ಅಳಿಸಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೀಬೇಕು. ಆದೀತಾ ಅಂತ ಕೇಳು."

ಆಶಾರಾಣಿ ತನ್ನ ಗೈಡಿಗೆ ಫೋನ್ ಮಾಡಿದಳು, ಆಗುತ್ತೆ ಅಂದರು. ಅವಳು ಬೈಂಡಿಂಗಿನವರಿಗೆ ಹೇಳಿಬರೋಕೆ ಹೋದಳು. ಇಲ್ಲಿ ಹಂಸಳ ಬೆರಳು ತಡವರಿಸಿತು. ಕನ್ನಡ ನೋಡಿ ಇಂಗ್ಲಿಷಿನಲ್ಲಿ ಹೊಡೆಯೋದು ಅವಳಿಗೆ ಹೊಸದು.

"ದೊಡ್ಡಮ್ಮ, ಕನ್ನಡಕ ಹಾಕ್ಕೊಂಡು ಬನ್ನಿ. ಪರಿವಿಡಿ ನೋಡ್ಕೊಂಡು ನೀವು ಓದಿ. ಕಿವಿಗೆ ಬಿದ್ರೆ ಬೆರಳಿಗೆ ಬರುತ್ತೆ."

"ನಾನಾ? ನಾನು ಓದಿ ಮುಗಿಸೋ ಹೊತ್ಗೆ ಆ ಹುಡುಗಿ ಅಜ್ಜಿ ಆಗಿರ್ತಾಳೆ ಕಣವ್ವ."

"ನಿಧಾನವೇ ಬೇಕಾಗಿರೋದು, ಬನ್ನಿ."

ಕೂತೆ. ಒಂದೊಂದೇ ಅಕ್ಷರ ಬಿಡಿಸಿ ಓದಿದೆ. ಪೀಠಿಕೆ ಆಯಿತು, ಅದೇನೋ ವಿಧಾನ ಆಯಿತು, ಒಬ್ಬೊಬ್ಬ ಹೆಂಗಸಿನ ಪ್ರಕರಣ ಶುರುವಾಯಿತು. ನರ್ಸು, ಅಂಗನವಾಡಿ ಟೀಚರು. ಆಮೇಲೆ, "ಬೆ-ರ-ಳ-ಚ್ಚು-ಗಾ-ರ್ತಿ" ಅಂದೆ.

"ಅದು ನಾನೇ" ಅಂತ ಹಂಸ ನಕ್ಕಳು. "ಓದಿ, ಓದಿ."

ತಂದೆಯ ಮರಣ. ತಮ್ಮಂದಿರ ಓದು. ಕೈತಪ್ಪಿದ ಸಂಬಂಧ. ಅದರ ಕೆಳಗಿನ ಸಾಲು ಹೇಳಿದೆ, "ಜಾ-ತ-ಕ ಕೂ-ಡಿ-ತ್ತು. ತಾ-ಯಿ-ಯ ಹೇ-ಳಿ-ಕೆ."

ಅಕ್ಷರ ಕೂಡಿಸೋ ಭರದಲ್ಲಿ ನನಗೆ ಅರ್ಥ ಹಿಂದೆ ಉಳಿದಿತ್ತು. ಕೀಲಿಮಣೆ ಸದ್ದು ನಿಂತಾಗಲೇ ಅದು ಬಂದು ಎದೆಗೆ ಬಡಿದದ್ದು.

"ಕೂಡಲಿಲ್ಲ ಅಂತಿರಬೇಕು" ಅಂದಳು ಹಂಸ. "ಸರಿಯಾಗಿ ನೋಡಿ."

ನೋಡಿದೆ. ಮತ್ತೆ ನೋಡಿದೆ. "ಕೂಡಿತ್ತು ಅಂತ್ಲೇ ಐತೆ ಕಣವ್ವ."

ಅವಳು ಎಡಗಡೆಯ ಆ ಸಾಲನ್ನು ಒತ್ತಿದಳು. ಪುಟ ತೆರೆದುಕೊಂಡಿತು. ಅಷ್ಟು ವರ್ಷದಲ್ಲಿ ಅವಳು ತಾನು ಹೊಡೆದದ್ದನ್ನು ತುಟಿ ಅಲ್ಲಾಡಿಸಿ ಓದಿದ್ದು ನಾನು ಆವತ್ತೇ ಕಂಡದ್ದು. ಕಾವೇರಮ್ಮನ ಮಾತನ್ನು ಇದ್ದ ಹಾಗೇ ಬರೆದಿದ್ದಳು ಆಶಾರಾಣಿ: "ಜಾತಕ ಚೆನ್ನಾಗೇ ಕೂಡಿತ್ತಮ್ಮ. ಹುಡುಗರು ಇನ್ನೂ ಓದ್ತಿದ್ರು. ಇವಳು ಹೋಗ್ಬಿಟ್ರೆ ಒಲೆ ಉರಿಯೋದು ಹೇಗೆ? ಕೂಡಲಿಲ್ಲ ಅಂತ ನಾನೇ ಹೇಳ್ಬಿಟ್ಟೆ. ಅವರಿಗೂ ಹಾಗೇ ಹೇಳಿ ಕಳಿಸ್ದೆ."

ಕಾವೇರಮ್ಮ ಎಷ್ಟು ಸಲ ನಮ್ಮ ಮನೆಗೆ ಬಂದು ನನ್ನ ಎದುರಿಗೆ ಕೂತು, "ಇವಳ ಹಣೇಲಿ ಬರೆದಿಲ್ಲ ನೋಡಿ" ಅಂತ ಕಣ್ಣೊರೆಸಿಕೊಂಡಿಲ್ಲ. ನಾನೂ ಹೌದು ಅಂತ ತಲೆ ಆಡಿಸಿದ್ದೆ.

ಹಂಸ ಅಳಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, "ಇದನ್ನ ನಾನೇ ಟೈಪ್ ಮಾಡಿದೀನಿ ದೊಡ್ಡಮ್ಮ. ಒಂದು ತಪ್ಪೂ ಇಲ್ಲ ನೋಡಿ" ಅಂದಳು.

ಆ ಹೊತ್ತಿಗೆ ಆಶಾರಾಣಿ ಎಳನೀರು ಹಿಡಿದುಕೊಂಡು ಬಂದಳು. "ಆಯ್ತಾ ಅಕ್ಕ?"

"ನಮ್ಮಮ್ಮನ್ನ ಯಾವಾಗ ಮಾತಾಡಿಸ್ದೆ?"

"ಹೋದ ದಸರಾ ರಜೇಲಿ. ಯಾಕಕ್ಕ? ಆ ಅಧ್ಯಾಯ ದೀಪಾವಳಿಗೆ ಮುಂಚೇನೇ ಕೊಟ್ಟಿದ್ನಲ್ಲ, ನೀವೇ ಹೊಡ್ಕೊಟ್ರಿ."

"ನಂಗೊಂದು ಮಾತು ಹೇಳ್ಬಾರದಿತ್ತಾ?"

ಆಶಾರಾಣಿ ಎಳನೀರನ್ನು ಮೇಜಿನ ಮೇಲಿಡೋಕೂ ಮರೆತು ನಿಂತಳು. "ನೀವು ಓದಿದೀರ ಅಂದ್ಕೊಂಡಿದ್ದೆ. ಓದೀನೂ ಏನೂ ಅನ್ನಲಿಲ್ಲ, ಒಪ್ಪಿಗೆ ಇದೆ ಅಂದ್ಕೊಂಡೆ. ನಿಮ್ಮ ತಾಯೀನೂ ನೀವು ಓದ್ತೀರ ಅಂತ್ಲೇ ಹೇಳಿದ್ದು. ಬರ್ಕೊಳ್ಳಮ್ಮ, ಅವಳೇ ತಾನೆ ಟೈಪ್ ಮಾಡೋದು, ಓದ್ಕೋತಾಳೆ, ನನ್ನ ಬಾಯಲ್ಲಿ ಅವಳಿಗೆ ಹೇಳೋಕಾಗೋಲ್ಲ ಅಂದ್ರು. ಆಮೇಲೆ ಫೋನ್ ಮಾಡಿ ಕೇಳಿದ್ರು, ಓದಿದಳಾ, ಏನಂದಳು ಅಂತ. ಟೈಪ್ ಆಯ್ತು, ಏನೂ ಅನ್ನಲಿಲ್ಲ ಅಂದೆ."

ಹಂಸ ಕುರ್ಚಿಗೆ ಒರಗಿದಳು. "ದೀಪಾವಳಿಯಿಂದ ನಾನು ಹೋದಾಗೆಲ್ಲ ಅಮ್ಮ ಸೊಸೆಯರಿಗಿಂತ ಮುಂಚೆ ನಂಗೆ ಬಡಿಸ್ತಾಳೆ. ಮೇಲೆ ಇಷ್ಟು ತುಪ್ಪ. ಏನಾದ್ರೂ ಅನ್ನಬೇಕಾ, ಅಂದ್ಬಿಡೇ ಅಂತ ಕೇಳ್ತಾಳೆ. ವಯಸ್ಸಾಯ್ತು, ಬುದ್ಧಿ ಅತ್ತಿತ್ತ ಆಗ್ತಿದೆ ಅಂದ್ಕೊಂಡಿದ್ದೆ."

ಕ್ಷಮೆ ಸಿಕ್ಕಿತು ಅಂತ ಆ ತಾಯಿ ಆರು ತಿಂಗಳಿಂದ ನೆಮ್ಮದಿಯಾಗಿದ್ದಳು, ಕೊಡಬೇಕಾದವಳಿಗೆ ಸುದ್ದಿಯೇ ಗೊತ್ತಿಲ್ಲ. ಇಂಥದ್ದನ್ನು ನಾನು ಎಲ್ಲೂ ಕೇಳಿಲ್ಲ.

"ಅದನ್ನ ತೆಗೆದುಬಿಡಿ ಅಕ್ಕ" ಅಂದಳು ಆಶಾರಾಣಿ. "ಇಡೀ ಪ್ರಕರಣವೇ ಬೇಡ. ಪುಟದ ಸಂಖ್ಯೆ ಎಲ್ಲ ಬದಲಾಗುತ್ತೆ, ಗೊತ್ತು. ನಾಳೆ ಕೊಡೋಕಾಗದಿದ್ರೆ ಬೇಡ."

ಹಂಸ ತುಂಬಾ ಹೊತ್ತು ಆ ಪುಟವನ್ನೇ ನೋಡಿದಳು. ಮೌಸಿನ ಮೇಲೆ ಕೈಯಿತ್ತು. ಅಳಿಸಿಬಿಡುತ್ತಾಳೆ ಅಂತಲೇ ನಾನು ಕಾದೆ. ಅಳಿಸಿದ್ದರೂ ತಪ್ಪು ಅನ್ನುತ್ತಿರಲಿಲ್ಲ.

"ನಮ್ಮಮ್ಮ ನಿಜ ಹೇಳಿರೋದು ಇದೊಂದೇ ಕಡೆ" ಅಂದಳು ಕೊನೆಗೆ. "ಇರಲಿ. ದೊಡ್ಡಮ್ಮ, ಮುಂದಿನದು ಓದಿ."

ಓದಿದೆ. 'ಜಾತಕ ಕೂಡಿತ್ತು' ಅನ್ನೋದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಳು. ಮಧ್ಯಾಹ್ನಕ್ಕೆ ಸಿ.ಡಿ. ಕೈಗೆ ಬಂತು. ಆಶಾರಾಣಿ ಅವಳ ಕಾಲಿಗೆ ಬಗ್ಗಿದಳು. "ಏಳು, ಬೈಂಡಿಂಗಿಗೆ ಹೊತ್ತಾಗುತ್ತೆ" ಅಂತ ಹಂಸ ಅವಳನ್ನು ಎಬ್ಬಿಸಿ ಕಳಿಸಿದಳು. ಆಮೇಲೆ ಅಂಗಡಿಗೆ ಬೀಗ ಹಾಕಿದಳು. ಒಬ್ಬಳನ್ನೇ ಬಿಡೋಕೆ ಮನಸ್ಸಾಗದೆ ನಾನೂ ಸೀರೆ ಬದಲಾಯಿಸಿ ಹೊಳೆನರಸೀಪುರದ ಬಸ್ಸು ಹತ್ತಿದೆ.

ಕಾವೇರಮ್ಮ ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಾ ಕೂತಿದ್ದರು. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. "ಇದೇನೇ, ವಾರದ ಮಧ್ಯೆ? ದೊಡ್ಡತಾಯಮ್ಮನವರೂ ಬಂದಿದಾರೆ" ಅಂದರು ನನ್ನ ಕಡೆ ನೋಡಿ.

ಹಂಸ ಅವರ ಎದುರಿಗೆ ನೆಲದ ಮೇಲೆ ಕೂತಳು. "ಅಮ್ಮ, ನಾನು ಅದನ್ನ ಓದಿರಲಿಲ್ಲ. ಇವತ್ತು ಓದಿದೆ."

ಮುದುಕಿಯ ಕೈ ನಿಂತಿತು. "ನೀನೇ ಅಲ್ವೇನೆ ಟೈಪ್ ಮಾಡಿದ್ದು?"

"ನಾನೇ. ಓದದೇ ಮಾಡಿದೆ."

"ಅಂದ್ರೆ ಇಷ್ಟು ದಿನ..."

"ಗೊತ್ತಿರಲಿಲ್ಲ."

ಕಾವೇರಮ್ಮ ಹತ್ತಿಯ ಬಟ್ಟಲು ಪಕ್ಕಕ್ಕೆ ಸರಿಸಿದರು. ಏಳೋಕೆ ನೋಡಿದರು, ಆಗಲಿಲ್ಲ.

"ಎಷ್ಟು ಕೂಡಿತ್ತು?" ಅಂತ ಕೇಳಿದಳು ಹಂಸ.

"ಇಂಥ ಜೋಡಿ ಹುಡುಕಿದ್ರೂ ಸಿಗೋಲ್ಲ ಅಂದ್ರು ಶಾಸ್ತ್ರಿಗಳು."

"ಪೂರ್ತಿ ಹೇಳು. ನನ್ನ ಮುಖ ನೋಡ್ಕೊಂಡು ಹೇಳು."

ಕಾವೇರಮ್ಮ ಹೇಳಿದರು. ಶಾಸ್ತ್ರಿಗಳ ಮನೆಗೆ ಹೋದದ್ದು, ವಾಪಸ್ಸು ಬರುವ ದಾರಿಯಲ್ಲಿ ಮನಸ್ಸು ಬದಲಾದದ್ದು, ಆ ಮೇಷ್ಟ್ರು ಇನ್ನೊಂದು ಸಲ ಬಂದು ಬಾಗಿಲಲ್ಲಿ ನಿಂತು, "ಬೇರೆಯವರ ಹತ್ರ ತೋರಿಸೋಣ" ಅಂತ ಕೇಳಿಕೊಂಡದ್ದು, ಒಳಗೂ ಕರೆಯದೆ ಕಳಿಸಿದ್ದು. ಅವರು ಇನ್ನೊಂದು ಸಲ ಬಂದಿದ್ದರು ಅನ್ನೋದು ಥೀಸಿಸ್ಸಿನಲ್ಲಿ ಇರಲಿಲ್ಲ. ಅದನ್ನು ಕೇಳಿದಾಗ ಮಾತ್ರ ಹಂಸ ಕಣ್ಣು ಮುಚ್ಚಿಕೊಂಡಳು. ನಾನು ಗೋಡೆ ಹಿಡಿದುಕೊಂಡು ನಿಂತೇ ಇದ್ದೆ, ಕೂರು ಅಂತ ಯಾರಿಗೂ ಹೇಳೋಕೆ ತೋಚಲಿಲ್ಲ.

ಎಲ್ಲ ಮುಗಿದ ಮೇಲೆ ಅವಳು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದಳು. "ಏಳಿ ದೊಡ್ಡಮ್ಮ, ಬಸ್ಸು ಸಿಗೋಲ್ಲ" ಅಂದಳು, ನಾನು ನಿಂತಿರೋದು ಕೂಡ ಅವಳಿಗೆ ಕಾಣದ ಹಾಗೆ.

ಕಾವೇರಮ್ಮ ಕೂತಲ್ಲಿಂದಲೇ ಕೇಳಿದರು, "ಮತ್ತೆ ಯಾವಾಗ ಬರ್ತೀಯ?"

ಹಂಸ ಚಪ್ಪಲಿ ಮೆಟ್ಟಿಕೊಂಡಳು. "ಗೊತ್ತಿಲ್ಲಮ್ಮ" ಅಂದಳು.